ಗರಗಸ ಮಾಡಿದ ಪಾಲು

ನವೆಂಬರ್ ೨

ಹಾಳಾದವನು ಕೊನೆಗೂ ಕೊಯ್ದುಬಿಟ್ಟ.

ಕಾಫಿ ಇನ್ನೂ ಒಲೆ ಮೇಲಿತ್ತು, ಅವನ ಪಿಕಪ್ ಅಂಗಳಕ್ಕೆ ಬಂತು. ನಾಯಿ ಬೊಗಳಲಿಲ್ಲ. ಅದಕ್ಕೆ ಅವನು ಯಾವಾಗಲೂ ಏನಾದರೂ ತಿನ್ನಿಸಿ ಕೆಡಿಸಿದ್ದಾನೆ. ಬಾಗಿಲು ತಟ್ಟಲಿಲ್ಲ, ನೇರ ಹಿತ್ತಲಿನ ಹೊಗೆಮನೆಗೆ ನುಗ್ಗಿದ. ಅಪ್ಪ ಇದ್ದಾಗ ಅಲ್ಲಿ ಹಂದಿತೊಡೆ ತೂಗುತ್ತಿತ್ತು. ಈಗ ತೂಗುತ್ತಿದ್ದದ್ದು ಒಂದೇ, ಅಪ್ಪ ಬಿಲ್ಲಿಗೆಂದು ಒಣಗಲು ಹಾಕಿದ್ದ ಬೋಡಾರ್ಕ್ ಮರದ ಸೀಳು.

ತೊರೆ ದಂಡೆಯ ಮರ ಅದು. ಅಪ್ಪ ಕಡಿಸಿದ ಕೊನೆಯ ಮರ. ಬೆಣೆ ಹೊಡೆದು ಸೀಳಿದಾಗ ಮಿಕ್ಕದ್ದೆಲ್ಲ ತಿರುಚಿಕೊಂಡು ಬಂತು, ಬೇಲಿಗೂಟಕ್ಕೆ ಹೋಯಿತು. ಒಂದೇ ಒಂದು ನೂಲು ಹಿಡಿದ ಹಾಗೆ ನೆಟ್ಟಗೆ ಬಂತು. ಗಂಟಿಲ್ಲ, ಕುಟ್ಟೆಯಿಲ್ಲ. ಅಪ್ಪ ತೊಗಟೆ ಸುಲಿದು, ಅದರ ಕೆಳಗಿನ ಬಿಳಿ ಮರ ಕೆರೆದು, ಹಳದಿ ಚೇಗು ಕಾಣಿಸಿ, ಎರಡು ತುದಿಗೂ ಕೊಟ್ಟಿಗೆಯ ಕೆಂಪು ಬಣ್ಣ ದಪ್ಪಗೆ ಬಳಿದು ತೂಗುಹಾಕಿದ. "ತುದಿಯ ಬಾಯಿ ಮುಚ್ಚದಿದ್ದರೆ ಮರ ಅಲ್ಲಿಂದಲೇ ಬೇಗ ಒಣಗಿ ಬಿರಿಯುತ್ತೆ" ಅನ್ನುತ್ತಿದ್ದ. ಎರಡು ಬೇಸಿಗೆ ಕಾದ. ಈ ಜೂನ್‌ನಲ್ಲಿ ತಾನೇ ಹೋದ.

ಹೋದ ವರ್ಷ ಹಬ್ಬದ ಬಿಲ್ಲಿನ ಪಂದ್ಯದಲ್ಲಿ ನನ್ನ ಹಳೇ ಬಿಲ್ಲು ಮುರಿದಾಗ ಅಪ್ಪ ನನ್ನ ಬೆನ್ನು ತಟ್ಟಿ, "ಹೊಗೆಮನೇಲಿ ಇದೆಯಲ್ಲ, ಅದು ನಿನ್ನದು" ಅಂದಿದ್ದ. ಇವನು ಹೇಳುವುದು ಬೇರೆ. ಆಸ್ಪತ್ರೆಯಲ್ಲಿ ಅಪ್ಪ ಇವನ ಕೈ ಹಿಡಿದು, "ಅದನ್ನ ನೀನು ಮಾಡು" ಅಂದನಂತೆ. ಯಾರನ್ನು ನಂಬೋದು? ಇವನ ಮಾತನ್ನಂತೂ ಅಲ್ಲ.

"ಅಪ್ಪ ನನಗೆ ಹೇಳಿದ್ದು ಅಕ್ಕ, ನಾನು ತಗೊಂಡು ಹೋಗ್ತೀನಿ."

"ನನ್ನ ಹೆಣದ ಮೇಲೆ ತಗೊಂಡು ಹೋಗು."

"ನಿನಗೆ ಬಿಲ್ಲು ಮಾಡೋಕೆ ಬರುತ್ತಾ? ಹಿಂದೊಂದು ಸಲ ಮಾಡಿದ್ದೆಯಲ್ಲ, ಅದರಲ್ಲಿ ಬಟ್ಟೆ ಒಣಗಿಸ್ತಿದ್ದೀಯ."

ಅದರ ಮೇಲೆ ನಾನೂ ಏನೋ ಅಂದೆ, ಅವನೂ ಅಂದ. ಕೊನೆಗೆ "ಸಮಪಾಲು!" ಅಂತ ಕಿರುಚಿ ಸರಿಯಾಗಿ ನಡುವಿಗೆ ಗರಗಸ ಇಟ್ಟು ಕೊಯ್ದು, ಅರ್ಧ ಬಗಲಿಗಿಟ್ಟುಕೊಂಡು ಹೊರಟುಹೋದ. ನೆಲದ ಮೇಲೆ ಹಳದಿ ಪುಡಿ ಉಳಿಯಿತು.

ಅರ್ಧ ಸೀಳಿನಿಂದ ಯಾರಿಗೂ ಬಿಲ್ಲಾಗುವುದಿಲ್ಲ. ಎರಡು ತುಂಡು ಕೂಡಿಸಿ ಮಾಡುವುದುಂಟು, ಅಪ್ಪನೂ ಮಾಡಿದ್ದ. ಹಿಡಿಯ ಜಾಗದಲ್ಲಿ ಬೆರಳೊಳಗೆ ಬೆರಳು ಹೆಣೆದ ಹಾಗೆ ಕಚ್ಚು ಕೊರೆದು ಸರೇಸಿನ ಅಂಟು ಹಾಕಿ ಕೂಡಿಸಬೇಕು. ಅದಕ್ಕೆ ಎರಡೂ ತುಂಡು ಬೇಕು, ಎರಡೂ ಒಂದೇ ಹದಕ್ಕೆ ಒಣಗಿರಬೇಕು. ಅವನದನ್ನು ನಾನು ಕೇಳುವುದಿಲ್ಲ, ನನ್ನದನ್ನು ಕೊಡುವುದಿಲ್ಲ. ಅಲ್ಲಿಗೆ ಮುಗಿಯಿತು.

ಇನ್ನು ಈ ಪುಸ್ತಕದಲ್ಲಿ ಅವನ ಹೆಸರು ಬರೆಯುವುದಿಲ್ಲ. ಒಡಹುಟ್ಟಿದ ತಮ್ಮ ಅಂತಲೂ ಬರೆಯುವುದಿಲ್ಲ. ಗರಗಸ ಅಂತ ಬರೆದರೆ ಸಾಕು.

ನವೆಂಬರ್ ೯

ಹೊಗೆಮನೆಗೆ ಹೋದೆ. ನನ್ನ ತುಂಡು ಅವತ್ತು ಎಸೆದ ಮೂಲೆಯಲ್ಲೇ ಬಿದ್ದಿತ್ತು. ಗರಗಸ ತಿಂದ ಬಾಯಿ ಬೋಳಾಗಿಯೇ ಇತ್ತು. ಬಣ್ಣ ಹಚ್ಚಿರಲಿಲ್ಲ. ವಾರವೆಲ್ಲ ಒಣಗಾಳಿ.

ಬಿರುಕು ಬಿಟ್ಟಿದೆ. ಕೂದಲೆಳೆಯಷ್ಟೇ, ಆದರೆ ಉಗುರು ಆಡಿಸಿದರೆ ಸಿಗುತ್ತದೆ. ಹಿಡಿಯ ಜಾಗಕ್ಕೇ ಹೋಗಿದೆ.

ಎಲ್ಲಾ ಆ ಗರಗಸದಿಂದ. ಅವನು ಕೊಯ್ಯದಿದ್ದರೆ ಬಾಯಿ ಎಲ್ಲಿರುತ್ತಿತ್ತು, ಬಿರುಕು ಎಲ್ಲಿರುತ್ತಿತ್ತು? ಕೆಂಪು ಬಣ್ಣ ಹುಡುಕಿ ಬಳಿದೆ. ಯಾರಿಗೂ ಹೇಳುವುದಿಲ್ಲ.

ನವೆಂಬರ್ ೨೮

ಲುಸಿಂಡಾ ಅತ್ತೆಯ ಮನೆಯಲ್ಲಿ ಊಟ. "ಬಿಳಿಯರ ಸುಗ್ಗಿ ಹಬ್ಬ ಈ ನೆಲದ ಮೂಲದವರಾದ ನಮಗ್ಯಾಕೆ" ಅಂತ ಅಪ್ಪನ ಈ ತಂಗಿ ವರ್ಷವರ್ಷವೂ ಬೈಯುತ್ತಾಳೆ, ಬೈಯುತ್ತಲೇ ಬೆಳಗಿನಿಂದ ಬೇಯಿಸುತ್ತಾಳೆ. ಮೆಕ್ಕೆಜೋಳದ ಗರಿಯಲ್ಲಿ ಸುತ್ತಿದ ಬೀನ್ಸ್ ಕಡುಬು, ಹಿಕರಿ ಕಾಯಿ ಕುಟ್ಟಿ ಮಾಡಿದ ಕನೂಚಿ. ಗರಗಸ ಹೆಂಡತಿಯನ್ನು ಕರೆದುಕೊಂಡು ಬಂದಿತ್ತು. ವಾಂಡಾ ಪಾಪ, ಒಳ್ಳೆಯವಳು, ಹಣೆಬರಹ. ನಾನು ಮೇಜಿನ ಈ ತುದಿ, ಅವನು ಆ ತುದಿ.

"ಎಲ್ಲಿಟ್ಟಿದ್ದೀಯೋ ನಿನ್ನ ತುಂಡ?" ಅತ್ತೆ ಬೇಕೆಂದೇ ಕೇಳಿದಳು.

"ಒಲೆ ಹಿಂದೆ." ನನ್ನ ಕಡೆ ನೋಡಿಯೂ ನೋಡದವನ ಹಾಗೆ ಅಂದ. "ಬೆಚ್ಚಗಿದೆ. ಕ್ರಿಸ್‌ಮಸ್ ಹೊತ್ತಿಗೆ ಗರಿಗರಿ."

ಮಾತಾಡಬಾರದು ಅಂದುಕೊಂಡಿದ್ದೆ. ಬಾಯಿ ಕೇಳಲಿಲ್ಲ. "ಒಲೆ ಹಿಂದೆ ಒಣಗಿಸೋಕೆ ಅದೇನು ನಿನ್ನ ಕಾಲುಚೀಲನಾ?"

"ನನ್ನ ಪಾಲು, ನನ್ನ ಒಲೆ. ನಿನಗೇನು ಹೊಟ್ಟೆನೋವು?"

"ಊಟದ ಹೊತ್ತಲ್ಲಿ ಕಚ್ಚಾಡಬೇಡಿ," ಅಂದಳು ಅತ್ತೆ. "ನಿಮ್ಮಪ್ಪ ಆ ಮರಾನ ಯಾರಿಗೆ ತಾನೇ ಕೊಡ್ತೀನಿ ಅಂದಿರಲಿಲ್ಲ? ನನಗೂ ಅಂದಿದ್ದ, ಸೌದೆಗೆ." ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಒಲೆ ಹಿಂದೆಯಂತೆ! ಹೊರಗಡೆ ಚರ್ಮ ಒಣಗಿ ಬಿಗಿಯುತ್ತದೆ, ಒಳಗೆ ಇನ್ನೂ ಹಸಿ, ಮಧ್ಯೆ ಸಿಕ್ಕಿಕೊಂಡು ಮರ ಉದ್ದಕ್ಕೆ ಬಿರಿಯುತ್ತದೆ. ಇದು ಅಪ್ಪನ ಕೈಕೆಳಗೆ ಬೆಳೆದವನಿಗೆ ಗೊತ್ತಿಲ್ಲವೇ? ಹಾಳಾಗಲಿ. ಬಿರಿಯಲಿ. ನನಗೇನಾಗಬೇಕು. ಅವನ ತುಂಡು ಚೂರುಚೂರಾದರೆ ಕನೂಚಿ ಮಾಡಿ ಹಂಚುತ್ತೇನೆ. ಬಿರುಕೊಂದೇ ಅಲ್ಲ, ಅತಿಯಾಗಿ ಒಣಗಿದರೆ ಪೊಳ್ಳು ಕಡ್ಡಿಯ ಹಾಗೆ ಟಪ್ಪಂತ ಮುರಿಯುತ್ತದೆ. ನೆಟ್ಟಗಿದ್ದ ಮರ. ಅಂಥ ಮರ ಮತ್ತೆ ಎಲ್ಲಿ ಸಿಗುತ್ತದೆ. ಒಲೆ ಹಿಂದೆ!

ನಾನು ಅಡಿಗೆ ಮಾಡುವ ಶಾಲೆಗೆ ನಾಳೆ ರಜೆ. ಅಡಿಗೆಮನೆ ತೊಳೆಯುವ ಕೆಲಸ ಸೋಮವಾರಕ್ಕೆ.

ಡಿಸೆಂಬರ್ ೧೯

ಮಂಜುಗಡ್ಡೆ ಮಳೆ. ಕರೆಂಟ್ ಇಲ್ಲ. ಹೊಗೆಮನೆಯ ತಗಡು ಒಂದು ಕಡೆ ಎದ್ದಿದೆ. ನನ್ನ ತುಂಡನ್ನು ಕಂಬಳಿಯಲ್ಲಿ ಸುತ್ತಿ ಇನ್ನೊಂದು ತೊಲೆಗೆ ಕಟ್ಟಿದೆ. ಗೋಡೆಗೆ ತಾಗಬಾರದು, ಗಾಳಿ ಸುತ್ತಲೂ ಆಡಬೇಕು. ಕರಡಿ ಕೊಬ್ಬು ಡಬ್ಬಿಯ ತಳದಲ್ಲಿ ಸ್ವಲ್ಪ ಇತ್ತು, ಮರದ ಬೆನ್ನಿಗೆ ತಿಕ್ಕಿದೆ. ಇದೆಲ್ಲ ಪ್ರೀತಿಗಲ್ಲ. ಗರಗಸದ ತುಂಡು ಬಿರಿದಿರುತ್ತದೆ, ನನ್ನದು ಗಟ್ಟಿಯಿರಬೇಕು. ತೋರಿಸಬೇಕು ಅಷ್ಟೇ. ಬಿರುಕು ಇದ್ದಷ್ಟೇ ಇದೆ.

ಜನವರಿ ೭

ಹಿಮ. ಬಡಿದು ನೋಡಿದೆ. ದಪ್ ಅನ್ನುತ್ತದೆ. ಇನ್ನೂ ಹಸಿ.

ಜನವರಿ ೨೬

ದಪ್.

ಫೆಬ್ರವರಿ ೧೧

ವಾಂಡಾ ಶಾಲೆಯ ಅಡಿಗೆಮನೆಗೆ ಬಂದಿದ್ದಳು. ಗರಗಸಕ್ಕೆ ಬಲ ಭುಜದ ಆಪರೇಷನ್ ಆಯಿತಂತೆ. ಹೋದ ವಾರ ಮಂಜುಗಡ್ಡೆ ಮೇಲೆ ಜಾರಿ ಬಿದ್ದನಂತೆ.

"ಕೈ ಮೇಲೆ ಎತ್ತೋಕೆ ಆಗಲ್ಲ ಅತ್ತಿಗೆ. ಇನ್ನು ಬಿಲ್ಲು ಎಳೆಯೋದು ಮರೆತುಬಿಡು ಅಂದಿದ್ದಾರೆ ಡಾಕ್ಟರು. ಒಂದು ಸಲ ಬಂದು ನೋಡಿ."

"ಒಳ್ಳೇದಾಯ್ತು. ಗರಗಸ ಹಿಡಿಯೋದೂ ತಪ್ಪಿತು," ಅಂದೆ.

ಅವಳು ಕಣ್ಣಿನಲ್ಲಿ ನೀರು ತಂದುಕೊಂಡಳು. ನನಗೆ ಅದೇ ಆಗುವುದಿಲ್ಲ. ಉಳಿದಿದ್ದ ಬೀನ್ಸ್ ಸಾರನ್ನು ದೊಡ್ಡ ಪಾತ್ರೆಗೆ ಸುರಿದು ಅವಳ ಕೈಗೆ ಕೊಟ್ಟೆ. ನಿನಗೆ ಅಂತ ಹೇಳಿದೆ, ಅವನಿಗೆ ಅಂತ ಹೇಳಲಿಲ್ಲ. ಪಾತ್ರೆ ವಾಪಸ್ ಬೇಕು ಅಂತಲೂ ಹೇಳಿದೆ.

ಇನ್ನು ಬಿಲ್ಲು ಎಳೆಯಲಾರದವನಿಗೆ ಆ ತುಂಡು ಯಾಕೆ? ಕೊಡಬಹುದಲ್ಲ! ಕೊಡುವುದಿಲ್ಲ, ಜಿಗುಟ. ಒಲೆ ಹಿಂದೆ ಇಟ್ಟುಕೊಂಡು ಕಾವಿಗೆ ಕೂರಿಸುತ್ತಾನೆ.

ಮಾರ್ಚ್ ೧೬

ಇವತ್ತು ನಾನು ಕಳ್ಳತನ ಮಾಡಿದೆ. ಬರೆದೇಬಿಡುತ್ತೇನೆ.

ಭಾನುವಾರ. ಚರ್ಚಿನಲ್ಲಿ ಹಾಡು ಎತ್ತಿಕೊಡುವವನು ಅವನೇ, ಭುಜ ಹೋದರೂ ಗಂಟಲು ಹೋಗಿಲ್ಲ. ನಮ್ಮ ಭಾಷೆಯ ಹಾಡುಗಳನ್ನು ಅಷ್ಟುದ್ದ ಎಳೆಯುವಾಗ ಮಧ್ಯಾಹ್ನದವರೆಗೆ ಮನೆ ಖಾಲಿ. ನಾನು ತಲೆನೋವು ಅಂತ ಹೇಳಿಕಳಿಸಿ, ನೇರ ಅವನ ಮನೆಗೆ ಹೋದೆ. ಬೀಗ ಯಾವ ಕಾಲದಲ್ಲೂ ಇಲ್ಲ. ಒಲೆ ಹಿಂದೆ ನೋಡಿದೆ. ಕಾಲುಚೀಲ ಇತ್ತು, ತುಂಡು ಇರಲಿಲ್ಲ. ಹಾಸಿಗೆ ಕೆಳಗಿಲ್ಲ, ಅಟ್ಟದಲ್ಲಿಲ್ಲ. ಕೊನೆಗೆ ಉತ್ತರದ ಕಡೆಯ ತಣ್ಣಗಿನ ಕೋಣೆಯಲ್ಲಿ, ವಾಂಡಾ ಆಲೂಗಡ್ಡೆ ಹರಡುವ ಕಡೆ, ಎರಡು ಹಗ್ಗದ ಕುಣಿಕೆಯಲ್ಲಿ ತೂಗುತ್ತಿತ್ತು. ಎತ್ತಿಕೊಂಡು ಕಂಬಳಿ ಸುತ್ತಿ ಸೀಟಿನ ಮೇಲೆ ಮಲಗಿಸಿ ಹೊರಟೆ.

ಸೇತುವೆ ಹತ್ತಿರ ಎದುರಿಗೆ ಅವನ ಪಿಕಪ್ ಬಂತು. ಎಡಗೈಯಲ್ಲಿ ಓಡಿಸುತ್ತಿದ್ದ. ಚರ್ಚಿನಲ್ಲಿ ಇರಬೇಕಾದವನು ಇಲ್ಲೇನು ಮಾಡುತ್ತಿದ್ದಾನೆ? ಈ ರಸ್ತೆಯಲ್ಲಿ ಪರಿಚಯವಿಲ್ಲದವರೂ ನಮಸ್ಕಾರ ಅಂತ ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾರೆ. ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನನ್ನ ಕೈ ತಾನಾಗಿ ಕಂಬಳಿಯ ಮೇಲೆ ಹೋಯಿತು. ಅವನ ಸೀಟಿನ ಮೇಲೂ ಏನೋ ಗೋಣಿಚೀಲದಲ್ಲಿ ಸುತ್ತಿದ್ದು ಕಂಡ ಹಾಗಾಯಿತು.

ಮನೆಗೆ ಬಂದು ಹೊಗೆಮನೆ ಬಾಗಿಲು ತೆಗೆದರೆ ತೊಲೆ ಬರೀ ತೊಲೆ. ನಾಯಿ ಎಲುಬು ಕಡಿಯುತ್ತಾ ಬಾಲ ಆಡಿಸುತ್ತಿತ್ತು.

ನನ್ನದನ್ನು ಅವನು ಕದ್ದಿದ್ದಾನೆ! ದೇವರ ಹಾಡು ಬಿಟ್ಟು ಅಕ್ಕನ ಮನೆಗೆ ಕನ್ನ ಹಾಕಿದ್ದಾನೆ. ನಾಚಿಕೆಯಿಲ್ಲದ ಜನ್ಮ.

ಮಾರ್ಚ್ ೧೭

ಬೆಳಕಿನಲ್ಲಿ ಅವನ ತುಂಡನ್ನು ನೋಡಿದೆ. ಏನಾದರೂ ಕೊರತೆ ಸಿಗಲಿ ಅಂತಲೇ ನೋಡಿದೆ. ಕೊಯ್ದ ಬಾಯಿಗೆ ಮೂರು ಪದರ ಕೆಂಪು ಬಣ್ಣ. ಅವತ್ತೇ ಹಚ್ಚಿರಬೇಕು, ಒಂದು ಎಳೆ ಬಿರುಕೂ ಇಲ್ಲ. ಬೆನ್ನಿಗೆ ಅರಗು, ಹೊಟ್ಟೆಯ ಕಡೆ ಹಾಗೇ ಬಿಟ್ಟಿದ್ದಾನೆ, ಅಲ್ಲಿಂದ ನಿಧಾನ ಒಣಗಲಿ ಅಂತ. ಬೆರಳ ಗೆಣ್ಣಿನಿಂದ ಬಡಿದೆ. ಟಣ್ ಅನ್ನುವುದಕ್ಕೆ ಇನ್ನು ಸ್ವಲ್ಪವೇ ಬಾಕಿ.

ಒಲೆ ಹಿಂದೆ ಅಂದದ್ದು ನನ್ನನ್ನು ಉರಿಸೋಕೆ.

ಅವನೂ ಈಗ ನನ್ನದನ್ನು ಬೆಳಕಿನಲ್ಲಿ ಹಿಡಿದು ನೋಡುತ್ತಿರುತ್ತಾನೆ. ಬಿರುಕು ನೋಡಿರುತ್ತಾನೆ. ಆ ಮುಖ ಕಣ್ಣಿಗೆ ಬಂದರೆ ಮೈಯೆಲ್ಲ ಉರಿಯುತ್ತದೆ.

ಮಾರ್ಚ್ ೨೦

ಫೋನ್ ಮಾಡಿದ. "ಕಳ್ಳಿ" ಅಂತಲೇ ಶುರು.

"ಕಳ್ಳ ನೀನು! ಹಾಡೋ ಬಾಯಲ್ಲಿ ಸುಳ್ಳು."

"ನನ್ನದು ವಾಪಸ್ ತಂದಿಡು."

"ನನ್ನದು ಮೊದಲು ತಂದಿಡು."

ಆಮೇಲೆ ಬಂತು ನಾನು ಹೆದರಿದ್ದ ಮಾತು. "ಬಿರುಕು ಬಿಡಿಸಿದ್ದೀಯ."

"ನೀನು ಕೊಯ್ದಿದ್ದಕ್ಕೆ ಬಿಟ್ಟಿದ್ದು."

"ಕೊಯ್ದೋನು ನಾನು, ಸರಿ. ಗರಗಸ ತಂದುಕೊಟ್ಟೋಳು ಯಾರು? 'ಅಷ್ಟು ಪಾಲು ಬೇಕಾ, ತಗೋ, ಕೊಯ್ಕೋ' ಅಂತ ನನ್ನ ಕೈಗೆ ತುರುಕಿದೋಳು ಯಾರು?"

"ಕೊಯ್ತೀಯ ಅಂತ ಯಾರಿಗೆ ಗೊತ್ತಿತ್ತೋ?"

"ಐವತ್ತು ವರ್ಷದಿಂದ ನನ್ನ ನೋಡ್ತಿದ್ದೀಯ, ಗೊತ್ತಿರಲಿಲ್ವಾ? ಬಾಯಿಗೆ ಒಂದಿಷ್ಟು ಬಣ್ಣ ಬಳಿಯೋಕೇನಾಗಿತ್ತು ನಿನಗೆ?"

ಫೋನ್ ಕುಕ್ಕಿದೆ.

ಹೌದು, ತಂದುಕೊಟ್ಟೆ. ಅದನ್ನು ಇಲ್ಲಿ ಬರೆದಿರಲಿಲ್ಲ. ಸಿಟ್ಟಿನಲ್ಲಿ ಜನ ಎಷ್ಟೋ ತಂದುಕೊಡುತ್ತಾರೆ, ಎಲ್ಲರೂ ಕೊಯ್ದುಬಿಡುತ್ತಾರೆಯೇ?

ಮತ್ತೆ ಫೋನ್ ಬಂತು, ಎತ್ತಿದೆ. "ಬಿರುಕಿಗೆ ತೆಳ್ಳಗೆ ಸರೇಸು ಕುಡಿಸಿ ದಾರ ಬಿಗಿದಿದ್ದೀನಿ, ಮುಂದಕ್ಕೆ ಹೋಗಲ್ಲ," ಅಂದು, ನಾನು ಬಾಯಿ ತೆರೆಯುವುದರೊಳಗೆ ಇಟ್ಟುಬಿಟ್ಟ. ಅವನೂ ಕುಕ್ಕಿದ.

ಏಪ್ರಿಲ್ ೧೨

ಕಾಡು ಈರುಳ್ಳಿ ಎದ್ದಿದೆ. ಒಂದು ಬುಟ್ಟಿ ಅಗೆದು ಮೊಟ್ಟೆ ಹಾಕಿ ಹುರಿದೆ. ಅರ್ಧ ವಾಂಡಾಗೆ ಕಳಿಸಿದೆ. ಪಾತ್ರೆ ಇನ್ನೂ ಬಂದಿಲ್ಲ.

ತಲೆಯಲ್ಲಿ ಒಂದೇ ಹುಳ. ಅವನ ತುಂಡು ನನ್ನ ಹೊಗೆಮನೆಯಲ್ಲಿದೆ, ತೊರೆ ಗಾಳಿ, ಥಂಡಿ. ನನ್ನದು ಅವನ ಆಲೂಗಡ್ಡೆ ಕೋಣೆಯಲ್ಲಿದೆ, ಒಣ ಗಾಳಿ. ಬೇಸಿಗೆ ಕಳೆಯುವ ಹೊತ್ತಿಗೆ ಒಂದು ಒಂದು ಹದ, ಇನ್ನೊಂದು ಇನ್ನೊಂದು ಹದ. ಹಾಗೆ ಕೂಡಿಸಿದರೆ ಕಚ್ಚು ಸರೇಸನ್ನು ಹರಿದುಕೊಂಡು ಬಾಯಿ ಬಿಡುತ್ತದೆ. ಕೂಡಿಸುವವರು ಯಾರೂ ಇಲ್ಲ, ಸರಿ. ಆದರೂ ಕೆಲಸ ಅಂದಮೇಲೆ ಕೆಲಸದ ಹಾಗೆ ಇರಬೇಕು. ಎರಡೂ ಒಂದೇ ಗಾಳಿಯಲ್ಲಿರಬೇಕು. ಅವನಿಗೆ ಹೇಳುವುದು ನನ್ನಿಂದ ಆಗದು.

ಏಪ್ರಿಲ್ ೧೫

ಅವನ ತುಂಡನ್ನು ಅತ್ತೆಯ ಜಗಲಿಗೆ ಒಯ್ದು, ಬುಟ್ಟಿ ಹೆಣೆಯುವ ಬಳ್ಳಿ ಒಣಗಿಸುವ ತೊಲೆಗೆ ಕಟ್ಟಿದೆ. ನೆರಳು, ಗಾಳಿ, ಎಲ್ಲ ಇದೆ.

"ಇದೇನೇ ಓಲೀಟಾ, ನನ್ನ ಜಗಲಿ ಕದ್ದ ಮಾಲಿನ ಗೋದಾಮಾ?"

"ನಮ್ಮ ಹೊಗೆಮನೆ ತಗಡು ಎದ್ದಿದೆ ಅತ್ತೆ. ರಿಪೇರಿ ಆಗೋವರೆಗೆ ಇರಲಿ."

"ಓಹೋ, ತಗಡು," ಅಂದಳು. ಆ 'ಓಹೋ' ನನಗೆ ಹಿಡಿಸಲಿಲ್ಲ.

ಏಪ್ರಿಲ್ ೨೨

ತೊಲೆಯ ಮೇಲೆ ಪಕ್ಕದಲ್ಲೇ ನನ್ನ ತುಂಡು! ಸುತ್ತಿದ ದಾರ, ಒಳಗೆ ಇಳಿದ ಸರೇಸು. ನೀಟಾದ ಕೆಲಸ, ಅದನ್ನು ಇಲ್ಲ ಅನ್ನಲಾರೆ.

"ಅವನ ಮನೇಲಿ ಇಲಿ ಕಾಟವಂತೆ," ಅತ್ತೆ ಬಳ್ಳಿ ಸುಲಿಯುತ್ತಾ ಹೇಳಿದಳು. "ಒಬ್ಬರದು ತಗಡು, ಒಬ್ಬರದು ಇಲಿ. ಗುರುವಾರ ಗುರುವಾರ ಬಂದು ತಿರುಗಿಸಿ ಹೋಗ್ತೀನಿ ಅಂದಿದ್ದಾನೆ."

"ಹಾಗಾದರೆ ನಾನು ಮಂಗಳವಾರ ಬರ್ತೀನಿ. ಅವನ ಮುಖ ನೋಡೋ ಅಗತ್ಯ ನನಗಿಲ್ಲ."

ಹೊರಡುವ ಮುಂಚೆ ಎರಡನ್ನೂ ತಿರುಗಿಸಿದೆ. ಒಂದನ್ನೇ ತಿರುಗಿಸಿದರೆ ಸಾಲು ಕೆಡುತ್ತದೆ.

ಜೂನ್ ೩

ಮಂಗಳವಾರ. ಎರಡನ್ನೂ ಬಡಿದೆ. ಅವನದು ಟಣ್. ನನ್ನದು ಟಣ್‌ಗೆ ಹತ್ತಿರ. ಅತ್ತೆ ದ್ರಾಕ್ಷಿ ಕಡುಬು ಕೊಟ್ಟಳು. ಹೋದ ಗುರುವಾರ ಅವನೂ ತಿಂದನಂತೆ, ನನಗಿಂತ ಎರಡು ಹೆಚ್ಚಿಗೆ.

ಜುಲೈ ೧೦

ಇವತ್ತು ಗುರುವಾರ ಅನ್ನುವುದು ನನಗೆ ಮರೆತುಹೋಗಿತ್ತು. ಶಾಲೆಗೆ ರಜೆ ಇರುವಾಗ ವಾರದ ಲೆಕ್ಕ ತಪ್ಪುತ್ತದೆ.

ಜಗಲಿಯಲ್ಲಿ ಅವನಿದ್ದ. ಬಕೆಟ್ ಬೋರಲು ಹಾಕಿ ಅದರ ಮೇಲೆ ನಿಂತು ಎಡಗೈಯಲ್ಲಿ ತೊಲೆಯ ಕುಣಿಕೆ ಬಿಚ್ಚುತ್ತಿದ್ದ. ಬಲಗೈ ಎದೆಯ ಮಟ್ಟದಲ್ಲೇ ನಿಂತಿತ್ತು, ಮೇಲೆ ಹೋಗಲಿಲ್ಲ. ಬಡಕಲಾಗಿದ್ದಾನೆ. ವಾಂಡಾ ಹೊಟ್ಟೆಗೆ ಹಾಕುತ್ತಾಳೋ ಇಲ್ಲವೋ.

"ಇಳಿ, ಬಿದ್ದು ಇನ್ನೊಂದು ಭುಜ ಮುರ್ಕೋತೀಯ." ನಾನು ಹತ್ತಿ ಬಿಚ್ಚಿದೆ. ಎರಡನ್ನೂ ಅವನ ಮಡಿಲಿಗೆ ಕೊಟ್ಟೆ. ಬಡಿದ, ಕೆನ್ನೆಗೆ ಒತ್ತಿ ನೋಡಿದ. ಅಪ್ಪನೂ ಹಾಗೆಯೇ ಕೆನ್ನೆಗೆ ಇಟ್ಟು ನೋಡುತ್ತಿದ್ದ, ಹಸಿಯಿದ್ದರೆ ತಣ್ಣಗೆ ತಾಗುತ್ತದೆ.

"ಹದ ಬಂದಿದೆ," ಅಂದ. "ಬಿರುಕು ಇರೋಷ್ಟು ಕೊಯ್ದು ಎಸೀಬೇಕು. ಅಷ್ಟು ಉದ್ದ ಹೋಗುತ್ತೆ. ನನ್ನ ಅಳತೆಗೆ ಗಿಡ್ಡ ಆಯ್ತು."

"ಮತ್ತೆ ಯಾರ ಅಳತೆಗೆ ಸರಿ ಆಗುತ್ತೋ?"

"ಗಿಡ್ಡಿ ಅಳತೆಗೆ."

ಗಿಡ್ಡಿ! ಲಂಗ ಹಾಕುವ ವಯಸ್ಸಿನಲ್ಲಿ ಇವನು ನನಗಿಟ್ಟಿದ್ದ ಹೆಸರು. ಅವತ್ತೂ ಕಪಾಳಕ್ಕೆ ಬಿಟ್ಟಿದ್ದೆ. ಇವತ್ತು ಅವನ ಭುಜ ನೋಡಿ ಸುಮ್ಮನೆ ಬಿಟ್ಟೆ.

"ಮುದುಕ ಆದ್ರೂ ಬುದ್ಧಿ ಬಂದಿಲ್ಲ ನಿನಗೆ," ಅಂದೆ.

"ನಿನಗೆ ಎತ್ತರ ಬಂತಾ?" ಅಂದ.

ಒಳಗಿಂದ ಅತ್ತೆ ನಗುವುದು ಕೇಳಿಸಿತು. ಇಬ್ಬರಿಗೂ ಹೇಳದೆ ಹೊರಟು ಬಂದೆ. ಬಂದಮೇಲೆ ನೆನಪಾಯಿತು, ನಾನು ಗುರುವಾರ ಹೋದದ್ದು ಯಾಕೆ ಅಂತ ಯಾರೂ ಕೇಳಲಿಲ್ಲ.

ಆಗಸ್ಟ್ ೫

ಮಂಗಳವಾರ ಹೋದರೆ ತೊಲೆ ಖಾಲಿ!

"ತಗೊಂಡು ಹೋದ, ಎರಡನ್ನೂ," ಅಂದಳು ಅತ್ತೆ.

"ನೀನು ಬಿಟ್ಟೆಯಾ?"

"ನಾನೇನು ಪೊಲೀಸಾ?"

ನಂಬಿದ್ದೆ. ಅದೇ ನನ್ನ ತಪ್ಪು. ಮಂಗಳವಾರ ಗುರುವಾರ ಅಂತ ನಾಟಕ ಆಡಿ, ಹದ ಬರುವವರೆಗೆ ನನ್ನ ಕೈಯಿಂದ ಚಾಕರಿ ಮಾಡಿಸಿಕೊಂಡು, ಹದ ಬಂದ ತಕ್ಷಣ ಎರಡನ್ನೂ ಹೊಡೆದುಕೊಂಡು ಹೋದ. ಹಾವಿಗೆ ಹಾಲೆರೆದೆ. ಕಳ್ಳ, ಮನೆಮುರುಕ, ತಾಯಿ ಹೊಟ್ಟೆಯಲ್ಲೇ ಪಾಲು ಕೇಳಿದವನು. ಆ ಕೈ ಪೂರ್ತಿ ಸೇದಿಹೋಗಬೇಕಿತ್ತು. ನಮ್ಮವರ ಹಬ್ಬದ ಬಿಲ್ಲಿನ ಪಂದ್ಯ ಈ ತಿಂಗಳ ಕೊನೆಗೆ. ಅಪ್ಪನ ಮರದ ಬಿಲ್ಲಿಲ್ಲದೆ ನಾನು ಮೈದಾನಕ್ಕೆ ಕಾಲಿಡುವುದಿಲ್ಲ ಅಂತ ಊರಿಗೆಲ್ಲ ಸಾರಿದ್ದೇನೆ. ಈಗ ಎಲ್ಲರ ಮುಂದೆ ಬೇಲಿ ಹೊರಗೆ ನಿಂತು ಚಪ್ಪಾಳೆ ತಟ್ಟಬೇಕು.

ನಾಳೆ ಹೋಗುತ್ತೇನೆ. ಹೋಗಿ ಬಾಗಿಲು ಒದೆಯುತ್ತೇನೆ.

ಆಗಸ್ಟ್ ೬

ಒದೆಯಲಿಲ್ಲ. ವಾಂಡಾ ಅಂಗಳದಲ್ಲೇ ತಡೆದಳು.

"ಶೆಡ್ ಹತ್ತಿರ ಹೋಗಬೇಡಿ ಅತ್ತಿಗೆ, ಯಾರನ್ನೂ ಬಿಡಬೇಡ ಅಂದಿದ್ದಾರೆ."

"ಅಂದಿರ್ತಾನೆ! ಬಾರೋ ಹೊರಗೆ, ಕಳ್ಳ!"

ಒಳಗಿಂದ ಕೆರೆಯುವ ಸದ್ದು ನಿಂತಿತು. "ಬಾಗಿಲು ತೆಗೆದರೆ ಗಾಳಿ ನುಗ್ಗುತ್ತೆ! ಸರೇಸು ಇನ್ನೂ ಕೂತಿಲ್ಲ! ಕಿರುಚಬೇಕಾದರೆ ಅಲ್ಲೇ ಕೂತು ಕಿರುಚು!"

ಸರೇಸು. ಕೂಡಿಸಿಬಿಟ್ಟಿದ್ದಾನೆ. ನನ್ನನ್ನು ಕೇಳದೆ!

ಮೆಟ್ಟಿಲ ಮೇಲೆ ಕೂತು ನನಗೆ ಗೊತ್ತಿದ್ದ ಬೈಗುಳವೆಲ್ಲ ಬೈದೆ. ನಮ್ಮ ಭಾಷೆಯಲ್ಲಿ ಮುಗಿದ ಮೇಲೆ ಇಂಗ್ಲಿಷಿನಲ್ಲಿ ಬೈದೆ. ವಾಂಡಾ ಪೀಚ್ ಹಣ್ಣು ತಂದುಕೊಟ್ಟಳು, ನನ್ನ ಪಾತ್ರೆಯಲ್ಲೇ. ತಿಂದೆ, ಬೈದೆ. ಅವನು ಕೆರೆಯುತ್ತಲೇ ಇದ್ದ.

ಆಗಸ್ಟ್ ೧೬

ಬೆಳಿಗ್ಗೆ ಫೋನ್. "ಬಾ ಇಲ್ಲಿ" ಅಂದ, ಅಷ್ಟೇ. ನಾನೇನು ಅವನ ಆಳೇ? ಹೋದೆ.

ಶೆಡ್ಡಿನ ಗೋಡೆಗೆ, ಬಿಲ್ಲು ಎಳೆದು ಬಾಗು ನೋಡುವ ಅಪ್ಪನ ಹಳೇ ಮೊಳೆಹಲಗೆ. ಅದರ ಮೇಲೆ ಬಿಲ್ಲು ಅಡ್ಡಡ್ಡ ಕೂತಿತ್ತು, ಹಳದಿಗೆ. ಹಿಡಿಯ ಹತ್ತಿರ ಎರಡು ತುಂಡು ಬೆರಳು ಹೆಣೆದುಕೊಂಡಿದ್ದವು. ಮೇಲೆ ಜಿಂಕೆಯ ನರ ಸುತ್ತಿ ಒಣಗಿಸಿದ್ದ. ನರದ ಅಂಚಿನಲ್ಲಿ ಉಗುರಿನಿಂದ ಸಂದು ಹುಡುಕಿದೆ. ಸಿಗಲಿಲ್ಲ. ಎರಡು ಸಲ ಹುಡುಕಿದೆ.

"ಬಾಗು ತಿದ್ದಬೇಕು. ಹಗ್ಗ ಎಳೆಯೋರು ಒಬ್ಬರು, ದೂರ ನಿಂತು ನೋಡೋರು ಒಬ್ಬರು ಬೇಕು. ನನಗೆ ಎಳೆಯೋಕಾಗಲ್ಲ," ಅಂದ. ನೆಲ ನೋಡಿಕೊಂಡು ಅಂದ.

ಹಗ್ಗ ಹಿಡಿದೆ.

"ಎಳಿ. ನಿಧಾನ! ಎಮ್ಮೆ ಎಳೆದ ಹಾಗೆ ಎಳೀಬೇಡ."

"ಎಮ್ಮೆ ನಿನ್ನ ಅತ್ತೆ ಮನೇಲಿ."

"ಸಾಕು, ಬಿಡು. ಎಡಗಡೆ ಬಿಗಿ ಇದೆ." ಕೆರೆದ. "ಎಳಿ."

ಹೀಗೇ ಸಂಜೆಯವರೆಗೆ. ಎಡ ತುಂಡು ನನ್ನದು, ಬಲ ತುಂಡು ಅವನದು. ಒಂದು ಮೊದಲು ಹಟ ಮಾಡಿತು, ಆಮೇಲೆ ಇನ್ನೊಂದು. ಒಂದು ಸಲ ಕಿರ್ ಅಂದಿತು. ಇಬ್ಬರೂ ಕಲ್ಲಾಗಿ ನಿಂತೆವು. ನಾನು ಹಗ್ಗ ಬಿಡಲೂ ಇಲ್ಲ, ಎಳೆಯಲೂ ಇಲ್ಲ. ಅವನು ಹತ್ತಿರ ಬಂದು ಕಿವಿಯಿಟ್ಟು ಕೇಳಿ, "ನರ ಅಷ್ಟೇ, ಮರ ಅಲ್ಲ," ಅಂದ. ಆಗ ಉಸಿರು ಬಂತು. ಇಬ್ಬರಿಗೂ.

ಕೊನೆಗೆ ಎರಡು ಕಡೆಯೂ ಒಂದೇ ಸಮ ಬಾಗಿತು. ಅವನು ದೂರ ನಿಂತು ಬಹಳ ಹೊತ್ತು ನೋಡಿದ.

"ಅಪ್ಪ ಇದ್ದಿದ್ದರೆ ಬಲಗಡೆ ಇನ್ನೊಂದು ಸಲ ಕೆರೀತಿದ್ದ," ಅಂದೆ.

"ಅಪ್ಪ ಇದ್ದಿದ್ದರೆ ಗರಗಸ ಕಿತ್ಕೊಂಡು ಇಬ್ಬರಿಗೂ ಬಾರಿಸ್ತಿದ್ದ," ಅಂದ.

ಅಳು ಬಂತು. ಮರದ ಪುಡಿ ಕಣ್ಣಿಗೆ ಬಿತ್ತು ಅಂದೆ. ತಮ್ಮನೂ ಕಣ್ಣೊರೆಸಿಕೊಂಡ, ಅವನಿಗೂ ಪುಡಿ ಬಿದ್ದಿರಬೇಕು. ಬಲಗಡೆ ಇನ್ನೊಂದು ಸಲ ಕೆರೆದ.

ಆಗಸ್ಟ್ ೩೦

ಪಂದ್ಯ ಮುಗಿಸಿ ಈಗ ಬಂದೆ. ಕಾಲು ನೋಯುತ್ತಿದೆ, ಬೆರಳು ಉರಿಯುತ್ತಿದೆ.

ದೂರದಲ್ಲಿ ಮೆಕ್ಕೆಜೋಳದ ದಂಟಿನ ಅಟ್ಟಿ. ಬಾಣ ಎಷ್ಟು ದಂಟು ತೂರಿತು ಅಂತ ಎಣಿಸುತ್ತಾರೆ. ಮೊದಲ ಬಾಣ ನೆಲಕ್ಕೆ ಹೋಯಿತು. ಹಿಂದಿನಿಂದ, "ಎತ್ತಿ ಹೊಡಿ ಗಿಡ್ಡಿ!" ಅಂತ ಒಂದು ಧ್ವನಿ. ಇಡೀ ಮೈದಾನ ನಕ್ಕಿತು. ಸಿಟ್ಟಿನಲ್ಲಿ ಎರಡನೆಯದನ್ನು ಎಳೆದೆ. ಬಿಲ್ಲು ಬಾಗಿದ್ದು ನನಗೆ ಗೊತ್ತೇ ಆಗಲಿಲ್ಲ, ಅಷ್ಟು ಮೆತ್ತಗೆ ಬಂತು. ಬಾಣ ಅಟ್ಟಿಯ ನಡುವಿಗೆ ಹೊಕ್ಕಿತು. ಎಣಿಸುವವರು ದಂಟು ಸುಲಿದು ಸುಲಿದು ಸುಸ್ತಾದರು. ಗೆದ್ದದ್ದು ಬೇರೆ ಊರಿನವರು, ನಾವು ಎರಡನೆಯವರು. ಮುಂದಿನ ವರ್ಷ ನೋಡಿಕೊಳ್ಳುತ್ತೇನೆ.

ಹಿರಿಯರೊಬ್ಬರು ಬಿಲ್ಲು ಇಸಿದುಕೊಂಡು ತಿರುಗಿಸಿ ನೋಡಿದರು. ಹಿಡಿ ಮುಟ್ಟಿದರು. "ಕೂಡಿಸಿದ್ದಾ ಇದು? ಗೊತ್ತೇ ಆಗಲ್ಲವಲ್ಲ! ಯಾರು ಮಾಡಿದ್ದು?"

"ಆಮೋಸ್," ಅಂದೆ. "ನನ್ನ ತಮ್ಮ."

ಹೊರಡುವಾಗ ಮತ್ತೆ ಜಗಳ. ಹೆದೆ ಇಳಿಸಿ ನನ್ನ ಪಿಕಪ್‌ನಲ್ಲಿ ಇಡಲು ಹೋದರೆ ಆಮೋಸ್ ಅಡ್ಡ ಬಂದ.

"ನಿನ್ನ ಹೊಗೆಮನೆ ಥಂಡಿ. ನಮ್ಮನೇಲಿರಲಿ."

"ಬಿಲ್ಲು ನನ್ನದು."

"ಮಾಡಿದ್ದು ನಾನು. ಅರ್ಧ ಮರ ನಂದು."

"ಹೌದಾ? ಸಮಪಾಲಾ? ಗರಗಸ ತರಲಾ?"

ಒಂದು ಕ್ಷಣ ನನ್ನ ಮುಖವನ್ನೇ ನೋಡಿದ. ಆಮೇಲೆ ನಕ್ಕ ನೋಡಿ, ಭುಜ ಹಿಡಿದುಕೊಂಡು, "ಅಯ್ಯೋ ನೋಯುತ್ತೆ, ನಗಿಸಬೇಡ್ವೇ ಅಕ್ಕ" ಅಂತ ಪಿಕಪ್‌ಗೆ ಒರಗಿಬಿಟ್ಟ. ವಾಂಡಾ ಗಾಬರಿಯಾಗಿ ಓಡಿಬಂದಳು. ಅತ್ತೆ ಬರಲಿಲ್ಲ, ಕುರ್ಚಿಯಲ್ಲೇ ಕೂತು ನಾಳೆಯ ಊಟಕ್ಕೆ ಇಬ್ಬರೂ ಬರಬೇಕು ಅಂತ ಕೂಗಿದಳು.

ಬಿಲ್ಲು ಅವನ ಮನೆಗೆ ಹೋಯಿತು. ತಗಡು ರಿಪೇರಿ ಆಗುವವರೆಗೆ ಮಾತ್ರ. ತಾನೇ ಬಂದು ಬಡಿದುಕೊಡುತ್ತಾನಂತೆ, ಒಂದೇ ಕೈಯಲ್ಲಿ! ನಾಳೆ ಬೆಳಿಗ್ಗೆ ಎದ್ದವಳೇ ಹೋಗಿ ನೋಡಬೇಕು. ಒಲೆ ಹಿಂದೆ ತೂಗುಹಾಕಿರುತ್ತಾನೋ ಏನೋ, ಹಾಳಾದವನು.